ಅಮೆರಿಕದ ದಕ್ಷಿಣದ ಕುಟುಂಬವೊಂದರ ಬೇರು ಹುಡುಕುವುದು: ಹಳೆಯ ಕೌಂಟಿ ದಾಖಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಸೊಸೆಯ ತವರು ನಾರ್ತ್ ಕ್ಯಾರೊಲೈನಾ. ಮೊಮ್ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದರು. ನಮ್ಮ ಕಡೆಯದ್ದು ಒಂದು ಸಂಜೆಗೆ ಮುಗಿಯಿತು. ಬೀಗರ ಕಡೆಯದ್ದು ಹಿಡಿದುಕೊಂಡು ನಾನೂ ಬೀಗರೂ ಇನ್ನೂ ಕೂತಿದ್ದೇವೆ. ಇದು ಗೊತ್ತಾದ ಮೇಲೆ, ಮನೆಯಲ್ಲಿ ಇಂಥದ್ದೇ ಅಳಿಯನೋ ಸೊಸೆಯೋ ಇರುವ ಕನ್ನಡದವರು ನನ್ನ ಹತ್ತಿರ ಕೇಳಲು ಬರುತ್ತಾರೆ. ಎಲ್ಲರೂ ಸಿಕ್ಕಿಕೊಳ್ಳುವುದು ಒಂದೇ ಕಡೆ. 1850ರ ತನಕ ಸರಾಗ. ಅದರ ಹಿಂದೆ ಕತ್ತಲೆ.

ಕಾರಣ ಸರಳ. 1850ರ ಜನಗಣತಿಯಲ್ಲಿ ಮನೆಯ ಪ್ರತಿ ಸ್ವತಂತ್ರ ವ್ಯಕ್ತಿಯ ಹೆಸರಿದೆ. 1790ರಿಂದ 1840ರವರೆಗಿನ ಗಣತಿಗಳಲ್ಲಿ ಮನೆ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಎಣಿಕೆ. ಅಲ್ಲಿಂದ ಹಿಂದಕ್ಕೆ ಹೆಸರು ಹುಡುಕುತ್ತಾ ಹೋದರೆ ದಾರಿ ತಪ್ಪುತ್ತೀರಿ. ಹಿಡಿಯಬೇಕಾದ್ದು ಜಮೀನನ್ನು. ಮನುಷ್ಯರ ಹೆಸರು ನೂರು ಜನಕ್ಕೆ ಇರುತ್ತದೆ. ಹೊಳೆ ಪಕ್ಕದ 200 ಎಕರೆ ಒಂದೇ ಇರುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಒಂದು ಸ್ಪ್ರೆಡ್‌ಶೀಟ್. ಅದರಲ್ಲಿ ತಾರೀಖು, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ದಾಖಲೆಯ ಬಗೆ, ಪುಸ್ತಕ, ಪುಟ, ಅದರಲ್ಲಿ ಬರುವ ಎಲ್ಲ ಹೆಸರುಗಳು, ಹೊಳೆಯ ಹೆಸರು. ಕೊನೆಯ ಎರಡು ಕಾಲಂಗಳನ್ನೇ ಜನ ಬಿಡುತ್ತಾರೆ. ಆಮೇಲೆ ಕೆಲಸಕ್ಕೆ ಬರುವುದೂ ಅವೇ.

ಫ್ಯಾಮಿಲಿಸರ್ಚ್‌ನ ಖಾತೆ ತೆರೆಯಿರಿ (ವಂಶಾವಳಿ ಹುಡುಕುವ ವೆಬ್‌ಸೈಟ್ ಅದು), ದುಡ್ಡು ಬೇಡ. ಕೌಂಟಿ ಪುಸ್ತಕಗಳ ಮೈಕ್ರೋಫಿಲ್ಮ್ ಚಿತ್ರಗಳು ಅಲ್ಲಿ ರಾಶಿಗಟ್ಟಲೆ ಇವೆ. ಕೆಲವು ಮನೆಯಿಂದ ತೆರೆಯುವುದಿಲ್ಲ, ಅವರ ಕೇಂದ್ರಕ್ಕೋ ಅವರೊಂದಿಗೆ ಸೇರಿಕೊಂಡ ಲೈಬ್ರರಿಗೋ ಹೋಗಬೇಕು. ನ್ಯೂಬೆರಿ ಲೈಬ್ರರಿಯ ಹಳೆಯ ಕೌಂಟಿ ಗಡಿಗಳ ಅಟ್ಲಾಸ್ ಬೇಕು. ಜೊತೆಗೆ ಗ್ರಾಫ್ ಕಾಗದ, ಕೋನಮಾಪಕ, ಪೆನ್ಸಿಲ್. ನಗಬೇಡಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

ಜನನ ಪ್ರಮಾಣಪತ್ರ ಸಿಗಲಿಲ್ಲ ಎಂದು ವಾರಗಟ್ಟಲೆ ಹುಡುಕಬೇಡಿ. ಇಡೀ ರಾಜ್ಯಕ್ಕೆ ಜನನ-ಮರಣ ನೋಂದಣಿ ಬಂದದ್ದೇ ನಾರ್ತ್ ಕ್ಯಾರೊಲೈನಾದಲ್ಲಿ 1913ಕ್ಕೆ, ಸೌತ್ ಕ್ಯಾರೊಲೈನಾದಲ್ಲಿ 1915ಕ್ಕೆ, ಜಾರ್ಜಿಯಾದಲ್ಲಿ 1919ಕ್ಕೆ. ಅದಕ್ಕೆ ಮೊದಲು ಕುಟುಂಬದ ಜುಟ್ಟು ಇದ್ದದ್ದು ಕೌಂಟಿ ಕೋರ್ಟ್‌ಹೌಸ್ ಕೈಯಲ್ಲಿ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸು, ಕೋರ್ಟು, ಕಂದಾಯ ಕಚೇರಿ ಮೂರೂ ಒಂದೇ ಕಟ್ಟಡದಲ್ಲಿದ್ದಂತೆ ಅಂದುಕೊಳ್ಳಿ.

ಹಂತ 1: ಇವತ್ತಿನಿಂದ 1850ರ ತನಕ, ಒಂದು ಮೆಟ್ಟಿಲೂ ಬಿಡದೆ

1950ರ ಜನಗಣತಿ 2022ರ ಏಪ್ರಿಲ್‌ನಲ್ಲಿ ಎಲ್ಲರಿಗೂ ತೆರೆದಿದೆ. ಅಲ್ಲಿಂದ ಹತ್ತು ಹತ್ತು ವರ್ಷ ಹಿಂದಕ್ಕೆ ಬನ್ನಿ. 1890ರದ್ದು ಸಿಗುವುದಿಲ್ಲ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಬಹುಪಾಲು ಹಾಳಾಯಿತು. 1880ರ ಗಣತಿಯಲ್ಲಿ ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆದಿದೆ. 1850, 1860, 1870ರಲ್ಲಿ ಅದಿಲ್ಲ. ಒಂದೇ ಮನೆಯಲ್ಲಿದ್ದಾರೆ ಎಂದ ಮಾತ್ರಕ್ಕೆ ಮಕ್ಕಳು ಎಂದು ಬರೆದುಕೊಳ್ಳಬೇಡಿ. ಅಣ್ಣನ ಮಕ್ಕಳೋ, ಹೆಂಡತಿಯ ಮೊದಲ ಮದುವೆಯ ಮಕ್ಕಳೋ ಆಗಿರಬಹುದು.

ಆನ್‌ಲೈನ್‌ನಲ್ಲಿ ಯಾರೋ ಹಾಕಿದ ವಂಶವೃಕ್ಷ 1600ರ ಇಂಗ್ಲೆಂಡ್ ತನಕ ಹೋಗಿರುತ್ತದೆ. ಅದನ್ನು ಸುಳಿವು ಎಂದು ಓದಿ, ನಕಲು ಮಾತ್ರ ಬೇಡ. ತಾಯಿಗಿಂತ ಮಗ ಎಂಟೇ ವರ್ಷ ಚಿಕ್ಕವನಾಗಿರುವ ವೃಕ್ಷಗಳನ್ನು ನಾನೇ ನೋಡಿದ್ದೇನೆ.

ಹಂತ 2: ಕೌಂಟಿಯ ಜಾತಕ ಬರೆಯಿರಿ

ಅತಿ ಹೆಚ್ಚು ಜನ ಸೋಲುವುದು ಈ ಹಂತವನ್ನು ಬಿಟ್ಟು ಮುಂದಕ್ಕೆ ಹೋಗಿ. ಕುಟುಂಬ ಕದಲದೇ ಇದ್ದರೂ ಕೌಂಟಿ ಕದಲುತ್ತದೆ. ಇವತ್ತು ನಾರ್ತ್ ಕ್ಯಾರೊಲೈನಾದ ಐರ್ಡೆಲ್ ಕೌಂಟಿಯಲ್ಲಿರುವ ಒಂದು ಹೊಲ ತೆಗೆದುಕೊಳ್ಳಿ. ಐರ್ಡೆಲ್ ಹುಟ್ಟಿದ್ದು 1788ರಲ್ಲಿ, ರೋವನ್ ಕೌಂಟಿಯಿಂದ. ರೋವನ್ ಹುಟ್ಟಿದ್ದು 1753ರಲ್ಲಿ, ಆನ್ಸನ್‌ನಿಂದ. ಆನ್ಸನ್ 1750ರಲ್ಲಿ, ಬ್ಲೇಡನ್‌ನಿಂದ. ಹೊಲ ಅಲ್ಲೇ ಇದೆ, ಕಾಗದಗಳು ನಾಲ್ಕು ಕಡೆ. ಹೊಸ ಕೌಂಟಿ ಆದಾಗ ಹಳೆಯ ಪುಸ್ತಕಗಳು ಸಾಮಾನ್ಯವಾಗಿ ತಾಯಿ ಕೌಂಟಿಯಲ್ಲೇ ಉಳಿದವು. ಆದ್ದರಿಂದ 1780ರ ಕ್ರಯಪತ್ರ ಐರ್ಡೆಲ್‌ನಲ್ಲಿ ಇಲ್ಲ ಎಂದರೆ ಕಳೆದುಹೋಗಿದೆ ಎಂದಲ್ಲ. ರೋವನ್‌ನ ಊರಾದ ಸಾಲಿಸ್‌ಬರಿಯಲ್ಲಿ ನೋಡಿ.

ಕೆಲವು ಕೌಂಟಿಗಳು ಮಾಯವಾಗಿಯೂ ಇವೆ. ಟ್ರಯಾನ್ ಕೌಂಟಿಯನ್ನು 1779ರಲ್ಲಿ ಒಡೆದು ಲಿಂಕನ್ ಮತ್ತು ರದರ್‌ಫರ್ಡ್ ಮಾಡಿದರು. ಟೆನೆಸಿ ಇಡೀ ರಾಜ್ಯವೇ 1790ರ ತನಕ ನಾರ್ತ್ ಕ್ಯಾರೊಲೈನಾದ ಭಾಗವಾಗಿತ್ತು. ಕೆಂಟಕಿ 1792ರ ತನಕ ವರ್ಜೀನಿಯಾದ್ದು. ಸೌತ್ ಕ್ಯಾರೊಲೈನಾದಲ್ಲಿ 1785ರ ತನಕ ಒಳನಾಡಿನ ಜಮೀನಿನ ಕಾಗದಗಳೂ ಚಾರ್ಲ್ಸ್‌ಟನ್‌ನಲ್ಲೇ ದಾಖಲಾಗುತ್ತಿದ್ದವು. ಲೂಸಿಯಾನಾದಲ್ಲಿ ಕೌಂಟಿ ಎಂಬ ಮಾತೇ ಇಲ್ಲ, ಪ್ಯಾರಿಶ್ ಅನ್ನುತ್ತಾರೆ.

ಒಂದು ಹಾಳೆಯಲ್ಲಿ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಪಕ್ಕದಲ್ಲಿ ಆಯಾ ವರ್ಷ ಆ ಜಾಗ ಯಾವ ಕೌಂಟಿಯಲ್ಲಿತ್ತು ಎಂದು ತುಂಬಿ. ಈ ಹಾಳೆ ಗೋಡೆಗೆ ಅಂಟಿಸಿ.

ಹಂತ 3: 1850ರ ಹಿಂದಿನ ಗಣತಿಯನ್ನು ನೆರಳಿನಂತೆ ಓದಿ

ಇಲ್ಲಿ ಜಾಸ್ತಿ ಹೊತ್ತು ಬೇಡ. 1840, 1830, 1820ರಲ್ಲಿ ಮನೆಯವರನ್ನು ವಯಸ್ಸಿನ ಗುಂಪಿನಲ್ಲಿ ಎಣಿಸಿದ್ದಾರೆ. 1850ರ ಮಕ್ಕಳ ವಯಸ್ಸನ್ನು ಆ ಎಣಿಕೆಗೆ ಹೊಂದಿಸಿ ನೋಡಿ. ಹೆಚ್ಚಿಗೆ ಇದ್ದರೆ ಒಂದು ಪ್ರಶ್ನೆ, ಕಡಿಮೆ ಇದ್ದರೆ ಇನ್ನೊಂದು ಪ್ರಶ್ನೆ. ಮೇಲೆ ಕೆಳಗೆ ಹತ್ತು ಹತ್ತು ಮನೆಗಳ ಹೆಸರು ಬರೆದುಕೊಳ್ಳಿ. ಕೆಲವು ಪಟ್ಟಿಗಳನ್ನು ಅಕ್ಷರಮಾಲೆಗೆ ಜೋಡಿಸಿ ಮತ್ತೆ ಬರೆದಿದ್ದಾರೆ. ಎಲ್ಲ ಹೆಸರೂ ಒಂದೇ ಅಕ್ಷರದಿಂದ ಶುರುವಾದರೆ ಅದು ನೆರೆಹೊರೆ ಅಲ್ಲ. ವರ್ಜೀನಿಯಾದ 1790ರ ಗಣತಿ ಉಳಿದಿಲ್ಲ, ಅದರ ಬದಲು ತೆರಿಗೆ ಪಟ್ಟಿ ನೋಡಬೇಕು.

ಹಂತ 4: ಕ್ರಯಪತ್ರಗಳು

ಡೀಡ್ ಬುಕ್‌ಗೆ ಎರಡು ಸೂಚಿಗಳಿರುತ್ತವೆ. ಮಾರಿದವರದ್ದು ಗ್ರಾಂಟರ್ ಸೂಚಿ, ಕೊಂಡವರದ್ದು ಗ್ರಾಂಟೀ ಸೂಚಿ. ಎರಡನ್ನೂ ನೋಡಿ, ಮಾರಿದವರದ್ದನ್ನು ಮೊದಲು. ಜನ ಕೊಂಡದ್ದನ್ನು ಮಾತ್ರ ನೋಡಿ ಮುಗಿಸುತ್ತಾರೆ. ಆದರೆ ಕಥೆ ಇರುವುದು ಮಾರಾಟದಲ್ಲಿ. ಅಪ್ಪ ಸತ್ತ ಮೇಲೆ ಮಕ್ಕಳು, ಅಳಿಯಂದಿರು ಎಲ್ಲ ಸೇರಿ ಮಾರಿದ ಒಂದು ಪತ್ರ ಸಿಕ್ಕಿದರೆ ಇಡೀ ಸಂಸಾರ ಒಂದೇ ಪುಟದಲ್ಲಿ ಸಿಕ್ಕಂತೆ. ಅದು ಸೂಚಿಯಲ್ಲಿ ಬಹಳ ಸಲ ಮೊದಲ ಹೆಸರಿನ ಕೆಳಗೆ ಮಾತ್ರ ಇರುತ್ತದೆ. ಮೊದಲ ಹೆಸರು ಒಮ್ಮೊಮ್ಮೆ ಅಳಿಯನದ್ದು.

ಒಂದು ಹೆಸರನ್ನು ಮಾತ್ರ ತೆಗೆಯಬೇಡಿ. ಆ ಕೌಂಟಿಯಲ್ಲಿ ಆ ಮನೆತನದ ಹೆಸರಿನ ಎಲ್ಲ ಪತ್ರಗಳನ್ನೂ ತೆಗೆಯಿರಿ. ಕಷ್ಟ ಅನ್ನಿಸುತ್ತದೆ, ಆದರೆ ಬೇರೆ ದಾರಿ ಇಲ್ಲ. ಹೆಸರಿನ ಕಾಗುಣಿತ ಸಡಿಲ ಬಿಡಿ. ಪೆನ್ಸಿಲ್ವೇನಿಯಾದಿಂದ ಗ್ರೇಟ್ ವ್ಯಾಗನ್ ರೋಡ್ ಎಂಬ ಹಳೆಯ ಗಾಡಿ ರಸ್ತೆ ಹಿಡಿದು ರೋವನ್ ಕಡೆಗೆ ಬಂದವರಲ್ಲಿ ಜರ್ಮನ್ನರು ಬಹಳ. ಮ್ಯೂಲರ್ ಮಿಲ್ಲರ್ ಆಗುತ್ತಾನೆ, ತ್ಸಿಮರ್‌ಮನ್ ಕಾರ್ಪೆಂಟರ್ ಆಗುತ್ತಾನೆ, ಶ್ನೈಡರ್ ಟೇಲರ್ ಆಗುತ್ತಾನೆ.

ಪತ್ರ ಓದುವಾಗ ಕಣ್ಣು ಎಲ್ಲಿರಬೇಕು?

ಬೆಲೆ ನೋಡಿ. 200 ಎಕರೆಗೆ ಐದು ಶಿಲಿಂಗ್, ಇಲ್ಲವೇ ಒಂದು ಡಾಲರ್ ಎಂದಿದ್ದರೆ ಒಳಗೆ ಸಂಬಂಧ ಇರುವ ಸಾಧ್ಯತೆ ಜಾಸ್ತಿ. ‘ಪ್ರೀತಿ ವಿಶ್ವಾಸದಿಂದ’ ಎಂದಿದ್ದರೆ ಅದು ದಾನಪತ್ರವೇ. ಆದರೆ ಒಂದು ಎಚ್ಚರಿಕೆ. ಕ್ಯಾರೊಲೈನಾಗಳಲ್ಲಿ ಹಳೆಯ ಕಾಲಕ್ಕೆ ಒಂದು ಮಾರಾಟಕ್ಕೆ ಎರಡು ಪತ್ರ ಮಾಡುವ ರೂಢಿ ಇತ್ತು. ಮೊದಲ ದಿನ ಕಡಿಮೆ ದುಡ್ಡಿಗೆ ಗುತ್ತಿಗೆ, ಮರುದಿನ ಪೂರ್ತಿ ಬೆಲೆಗೆ ಬಿಟ್ಟುಕೊಡುವುದು. ಮೊದಲನೆಯದನ್ನು ಮಾತ್ರ ನೋಡಿ ‘ಅಪ್ಪ ಮಗನಿಗೆ ಕೊಟ್ಟ’ ಎಂದು ಬರೆದವರು ಇದ್ದಾರೆ. ಮುಂದಿನ ಪುಟ ತಿರುಗಿಸಿ.

ಹೆಂಡತಿಯ ಹೆಸರು ಕೊನೆಯಲ್ಲಿ ಇರುತ್ತದೆ. ಗಂಡನ ಜಮೀನಿನಲ್ಲಿ ಹೆಂಡತಿಗೆ ಡವರ್ ಹಕ್ಕು, ಅಂದರೆ ಅವನು ಸತ್ತರೆ ಒಂದು ಪಾಲು ಪಡೆಯುವ ಹಕ್ಕು, ಇತ್ತು. ಆಕೆಯನ್ನು ಗಂಡನಿಂದ ಬೇರೆ ಕರೆದು, ಒಪ್ಪಿಗೆ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. 1790ರಲ್ಲಿ ಮಾರಿದಾಗ ಮೇರಿ, 1798ರಲ್ಲಿ ಮಾರಿದಾಗ ಎಲಿಜಬೆತ್ ಎಂದಿದ್ದರೆ ಎರಡು ಸಾಧ್ಯತೆ. ಮರುಮದುವೆ, ಇಲ್ಲವೇ ಒಂದೇ ಹೆಸರಿನ ಇಬ್ಬರು ಗಂಡಸರು.

ಪತ್ರಕ್ಕಿಂತ ಮೊದಲು ಸರ್ಕಾರದಿಂದ ಜಮೀನು ಬಂದಿರುತ್ತದಲ್ಲ, ಅದು ಬೇರೆ ಕಡತ. ಅರ್ಜಿ, ವಾರಂಟ್ (ಅಳತೆ ಮಾಡಲು ಆದೇಶ), ಸರ್ವೆ, ಕೊನೆಗೆ ಗ್ರಾಂಟ್ (ಮಂಜೂರಾತಿ ಪತ್ರ). ನಾರ್ತ್ ಕ್ಯಾರೊಲೈನಾದ ಮೇಲಿನ ಅರ್ಧ ಇಂಗ್ಲೆಂಡಿನ ಶ್ರೀಮಂತ ಲಾರ್ಡ್ ಗ್ರಾನ್‌ವಿಲ್‌ನ ಸ್ವಂತ ಆಸ್ತಿಯಾಗಿತ್ತು. ಅವನ ಭೂ ಕಚೇರಿ 1763ರಲ್ಲಿ ಮುಚ್ಚಿತು. ಹೊಸ ರಾಜ್ಯದ ಕಚೇರಿ ಜಮೀನು ಕೊಡಲು ಶುರು ಮಾಡಿದ್ದು 1778ರಲ್ಲಿ. ನಡುವಿನ ಆ ಹದಿನೈದು ವರ್ಷ ಅಲ್ಲಿಗೆ ಬಂದವರಿಗೆ ಗ್ರಾಂಟ್ ಸಿಗುವಂತಿರಲಿಲ್ಲ. ಬೀಗರ ಪೂರ್ವಿಕರೊಬ್ಬರು 1770ರ ತೆರಿಗೆ ಪಟ್ಟಿಯಲ್ಲಿದ್ದು ಜಮೀನಿನ ಪುಸ್ತಕದಲ್ಲಿ ಇರಲಿಲ್ಲ. ನಾವು ಆರು ತಿಂಗಳು ತಲೆ ಕೆಡಿಸಿಕೊಂಡೆವು. ಉತ್ತರ ಇಷ್ಟೇ ಆಗಿತ್ತು.

ಸರ್ವೆಯಲ್ಲಿ ಅಳತೆಯ ಸರಪಳಿ ಹಿಡಿದವರ ಹೆಸರು ಇರುತ್ತದೆ. ಅವರು ಹೆಚ್ಚಾಗಿ ಮನೆಯ ಹುಡುಗರು, ಭಾವಮೈದುನರು, ಪಕ್ಕದ ಹೊಲದವರು. ಬರೆದುಕೊಳ್ಳಿ.

ಹಂತ 5: ಚಕ್ಕುಬಂದಿಯನ್ನು ಕಾಗದದ ಮೇಲೆ ಎಳೆಯಿರಿ

ನಮ್ಮ ಪತ್ರಗಳ ಚಕ್ಕುಬಂದಿ ಇದ್ದ ಹಾಗೆ ಇಲ್ಲೂ ಗಡಿ ವಿವರ ಇದೆ. ಹೊಳೆದಂಡೆಯ ಬಿಳಿ ಓಕ್ ಮರದಿಂದ ಶುರು, ಉತ್ತರದಿಂದ 40 ಡಿಗ್ರಿ ಪೂರ್ವಕ್ಕೆ 120 ಪೋಲ್, ಅಲ್ಲಿಂದ ಇಂಥವರ ಗಡಿಗುಂಟ… ಹೀಗೆ ಸುತ್ತಿ ಮತ್ತೆ ಅದೇ ಮರಕ್ಕೆ. ಒಂದು ಪೋಲ್ ಎಂದರೆ 16.5 ಅಡಿ. ರಾಡ್, ಪರ್ಚ್ ಎಂದರೂ ಅದೇ. ನಾಲ್ಕು ಪೋಲ್ ಒಂದು ಸರಪಳಿ, 66 ಅಡಿ. 320 ಪೋಲ್ ಒಂದು ಮೈಲಿ. 160 ಚದರ ಪೋಲ್ ಒಂದು ಎಕರೆ.

ಗ್ರಾಫ್ ಕಾಗದದಲ್ಲಿ ಒಂದು ಸೆಂಟಿಮೀಟರಿಗೆ 20 ಪೋಲ್ ಇಟ್ಟುಕೊಂಡು ಎಳೆಯಿರಿ. ಕೊನೆಯ ಗೆರೆ ಮೊದಲ ಮರಕ್ಕೆ ಬಂದು ಸೇರಬೇಕು. ಬಹಳ ದೂರ ನಿಂತರೆ ಗುಮಾಸ್ತ ನಕಲು ಮಾಡುವಾಗ ಒಂದು ಸಾಲು ಬಿಟ್ಟಿದ್ದಾನೆ ಎಂದರ್ಥ. ಅದೇ ಜಮೀನಿನ ಹಿಂದಿನ ಅಥವಾ ಮುಂದಿನ ಪತ್ರ ತೆಗೆದರೆ ಬಿಟ್ಟ ಸಾಲು ಸಿಗುತ್ತದೆ. ಅವರು ಬಳಸಿದ್ದು ದಿಕ್ಸೂಚಿಯ ಉತ್ತರ. ಇವತ್ತಿನ ನಕ್ಷೆಯ ಮೇಲೆ ಇಟ್ಟಾಗ ಚಿತ್ರ ಸ್ವಲ್ಪ ತಿರುಗಿದಂತೆ ಕಾಣುವುದು ಅದಕ್ಕೇ.

ಇಷ್ಟೆಲ್ಲ ಯಾಕೆ? ಒಂದೇ ಹೆಸರಿನವರನ್ನು ಬೇರೆ ಮಾಡಲು. ಒಬ್ಬ ಜಾನ್‌ನ ಜಮೀನು ಥರ್ಡ್ ಕ್ರೀಕ್ ಪಕ್ಕ, ಇನ್ನೊಬ್ಬನದು ಸೌತ್ ಯಾಡ್ಕಿನ್ ನದಿಯ ಪಕ್ಕ. ಇಬ್ಬರೂ ಬೇರೆ ಬೇರೆ ಎಂದು ತೋರಿಸುವುದು ಹೊಳೆ. ಇನ್ನು ನೆರೆಹೊರೆಯವರ ಚೌಕಗಳನ್ನೂ ಪಕ್ಕದಲ್ಲಿ ಕೂರಿಸಿದರೆ ಹೆಂಡತಿಯ ತವರು ಹೆಚ್ಚು ದೂರ ಇರುವುದಿಲ್ಲ. ಕುದುರೆ ಮೇಲೆ ಹೋಗಿ ಹುಡುಗಿ ನೋಡಿ ಬರುವಷ್ಟು ದೂರ, ಅಷ್ಟೇ ಅಲ್ವಾ.

ಹಂತ 6: ವಿಲ್ ಮಾತ್ರ ಸಾಲದು, ಸತ್ತವನ ಆಸ್ತಿಯ ಇಡೀ ಕಡತ (ಎಸ್ಟೇಟ್ ಫೈಲ್) ಬೇಕು

ವಿಲ್ ಬುಕ್‌ನಲ್ಲಿ ಹೆಸರಿಲ್ಲ ಎಂದು ಬಾಗಿಲು ಮುಚ್ಚುವವರೇ ಹೆಚ್ಚು. ವಿಲ್ ಬರೆಯದೆ ಸತ್ತವರ ಕಾಗದಗಳೇ ಎಷ್ಟೋ ಸಲ ಹೆಚ್ಚು ಮಾತಾಡುತ್ತವೆ. ಕ್ರಮ ಹೀಗೆ: ಆಡಳಿತಗಾರನ (ಆಸ್ತಿ ವಿಲೇವಾರಿಗೆ ಕೋರ್ಟು ನೇಮಿಸಿದವನ) ಬಾಂಡ್, ಆಸ್ತಿಯ ಪಟ್ಟಿ, ಹರಾಜು, ಲೆಕ್ಕ, ಪಾಲು. ಹರಾಜಿನಲ್ಲಿ ಮೊದಲು ಸಾಮಾನು ಕೊಂಡವರಲ್ಲಿ ಹೆಂಡತಿ ಇರುತ್ತಾಳೆ, ಮಕ್ಕಳು ಅಳಿಯಂದಿರು ಇರುತ್ತಾರೆ. ಪಾಲಿನ ಕಾಗದದಲ್ಲಿ ಹೆಣ್ಣುಮಕ್ಕಳ ಗಂಡಂದಿರ ಹೆಸರು ಇರುತ್ತದೆ. ನಾರ್ತ್ ಕ್ಯಾರೊಲೈನಾದ ಇಂಥ ಬಿಡಿ ಕಾಗದಗಳು ರಾಲಿಯ ಸ್ಟೇಟ್ ಆರ್ಕೈವ್ಸ್‌ನಲ್ಲಿವೆ. ವರ್ಜೀನಿಯಾದವರಾದರೆ ರಿಚ್‌ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದ ಚಾನ್ಸರಿ (ಆಸ್ತಿ, ಪಾಲಿನ ವ್ಯಾಜ್ಯಗಳ ಕೋರ್ಟು) ಸೂಚಿಯನ್ನು ತಪ್ಪದೆ ನೋಡಿ. ಅಣ್ಣತಮ್ಮಂದಿರ ಜಗಳ ನಮಗೆ ವರ.

ಹಳೆಯ ಮಾತುಗಳನ್ನು ಇವತ್ತಿನ ಅರ್ಥದಲ್ಲಿ ಓದಬೇಡಿ. ‘ಆರ್ಫನ್’ ಎಂದರೆ ಅಪ್ಪ ಇಲ್ಲದ ಮಗು, ಅಮ್ಮ ಮನೆಯಲ್ಲೇ ಇರಬಹುದು. ‘ಇನ್‌ಫೆಂಟ್’ ಎಂದರೆ 21 ತುಂಬದವನು, ಇಪ್ಪತ್ತರ ಗಡ್ಡದ ಹುಡುಗನೂ ಸೇರಿ. ‘ನೌ ವೈಫ್’ ಎಂದಿದ್ದರೆ ಮೊದಲೊಬ್ಬಳಿದ್ದಳು ಎಂದಲ್ಲ. ‘ಮದರ್ ಇನ್ ಲಾ’ ಮಲತಾಯಿ ಆಗಿರಬಹುದು. ‘ಕಸಿನ್’ ಎಂದರೆ ಅಣ್ಣನ ಮಗನೂ ಆಗಬಹುದು. ಸೀನಿಯರ್, ಜೂನಿಯರ್ ಎಂದರೆ ಅಪ್ಪ-ಮಗ ಆಗಿರಲೇಬೇಕಿಲ್ಲ. ಊರಿನಲ್ಲಿ ಒಂದೇ ಹೆಸರಿನ ದೊಡ್ಡವನು, ಚಿಕ್ಕವನು ಅಷ್ಟೇ. ದೊಡ್ಡವನು ಸತ್ತ ಮೇಲೆ ಜೂನಿಯರ್ ಸೀನಿಯರ್ ಆಗುತ್ತಾನೆ.

ವಿಲ್‌ನಲ್ಲಿ ಇಲ್ಲದ ಮಗ ಮಗನೇ ಅಲ್ಲ ಎನ್ನಬೇಡಿ. ನಾರ್ತ್ ಕ್ಯಾರೊಲೈನಾದಲ್ಲಿ 1784ರ ತನಕ, ವಿಲ್ ಇಲ್ಲದಿದ್ದರೆ ಜಮೀನು ಹಿರಿಯ ಮಗನಿಗೆ ತಾನಾಗಿ ಹೋಗುತ್ತಿತ್ತು. ಹಾಗಾಗಿ ವಿಲ್ ಬರೆದರೂ ಅವನ ಹೆಸರು ಎತ್ತದೆ ಬಿಟ್ಟವರಿದ್ದಾರೆ.

ತಾರೀಖಿನಲ್ಲಿ ಒಂದು ಗುಂಡಿ ಇದೆ. 1752ಕ್ಕೆ ಮೊದಲು ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. 1740ರ ಡಿಸೆಂಬರ್‌ನಲ್ಲಿ ಬರೆದ ವಿಲ್ 1740ರ ಫೆಬ್ರವರಿಯಲ್ಲಿ ಕೋರ್ಟಿಗೆ ಬಂತು ಎಂದಿದ್ದರೆ ತಪ್ಪಲ್ಲ. ನಮ್ಮ ಲೆಕ್ಕಕ್ಕೆ ಅದು 1741ರ ಫೆಬ್ರವರಿ.

ಹಂತ 7: ತೆರಿಗೆ, ಮದುವೆ ಬಾಂಡ್, ಕೋರ್ಟಿನ ದಿನಚರಿ

ತೆರಿಗೆ ಪಟ್ಟಿಯನ್ನು ವರ್ಷ ಬಿಡದೆ ಓದಿ. ಹುಡುಗ 16ಕ್ಕೋ 21ಕ್ಕೋ, ರಾಜ್ಯ ಮತ್ತು ಕಾಲದ ಕಾನೂನಿನಂತೆ, ಪಟ್ಟಿಗೆ ಬರುತ್ತಾನೆ. ಒಂದು ವರ್ಷ ಅಪ್ಪನ ಹೆಸರು ಹೋಗಿ ವಿಧವೆಯ ಹೆಸರು ಬಂದರೆ ಸಾವಿನ ವರ್ಷ ಸಿಕ್ಕಿತು.

ನಾರ್ತ್ ಕ್ಯಾರೊಲೈನಾದಲ್ಲಿ 1868ರ ತನಕ ಮದುವೆ ಬಾಂಡ್ ಇತ್ತು. ಬಾಂಡ್ ಎಂದರೆ ಮದುವೆ ಆಯಿತು ಎಂದಲ್ಲ, ಆಗಲಿದೆ ಎಂದು. 500 ಪೌಂಡ್ ಎಂದು ಬರೆದಿರುವುದನ್ನು ನೋಡಿ ಹುಡುಗ ಶ್ರೀಮಂತ ಎಂದುಕೊಳ್ಳಬೇಡಿ, ಆ ದುಡ್ಡು ಯಾರೂ ಕಟ್ಟುತ್ತಿರಲಿಲ್ಲ. ಏನಾದರೂ ಅಡ್ಡಿ ಬಂದರೆ ಕೊಡುವ ದಂಡ ಅದು. ಜಾಮೀನು ನಿಂತವನ ಹೆಸರು ಮುಖ್ಯ, ಬಹಳ ಸಲ ಹುಡುಗಿಯ ಅಣ್ಣನೋ ಅಪ್ಪನೋ. ಸೌತ್ ಕ್ಯಾರೊಲೈನಾದಲ್ಲಿ ಮದುವೆ ಲೈಸೆನ್ಸ್ ಕಡ್ಡಾಯವಾಗಿದ್ದು 1911ರಲ್ಲಿ. ಅಲ್ಲಿ ಹುಡುಕಿ ಸುಮ್ನೆ ಸುಸ್ತಾಗಬೇಡಿ.

ಕೋರ್ಟಿನ ದಿನಚರಿಯಲ್ಲಿ ರಸ್ತೆ ಆದೇಶಗಳಿರುತ್ತವೆ. ಇಂಥ ಹೊಳೆಯಿಂದ ಇಂಥ ಗಿರಣಿಯ ತನಕ ರಸ್ತೆ ಸರಿಮಾಡಲು ಇಂಥ ಹತ್ತು ಜನ ಎಂದು. ಆ ಹತ್ತು ಜನವೇ ನಿಮ್ಮ ಮನುಷ್ಯನ ಓಣಿ. 14 ದಾಟಿದ ಮಗು ತನ್ನ ಗಾರ್ಡಿಯನ್‌ನನ್ನು ಆರಿಸಿಕೊಂಡದ್ದೂ ಇಲ್ಲೇ ಬರೆದಿರುತ್ತದೆ, ಅಂದಾಜು ವಯಸ್ಸು ಗೊತ್ತಾಗುತ್ತದೆ.

ಹಂತ 8: ಗುಲಾಮಗಿರಿಯಿಂದ ಬಂದ ಕುಟುಂಬವಾದರೆ

ಆಫ್ರಿಕನ್ ಅಮೆರಿಕನ್ ಕುಟುಂಬಕ್ಕೆ ಗೋಡೆ ಬರುವುದು 1870ರಲ್ಲಿ. ಎಲ್ಲರ ಹೆಸರೂ ಬಂದ ಮೊದಲ ಗಣತಿ ಅದು. 1850, 1860ರ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರಿದೆ, ಗುಲಾಮರದು ವಯಸ್ಸು, ಲಿಂಗ, ಬಣ್ಣ ಮಾತ್ರ.

1870ರಿಂದ ನೇರ 1860ಕ್ಕೆ ಹಾರಬೇಡಿ. ನಡುವೆ ನಿಲ್ಲಿ. ಫ್ರೀಡ್‌ಮೆನ್ಸ್ ಬ್ಯೂರೋದ (ಬಿಡುಗಡೆಯಾದ ಗುಲಾಮರಿಗಾಗಿ ಇದ್ದ ಸರ್ಕಾರಿ ಕಚೇರಿ) 1865ರಿಂದ 1872ರ ಕಾಗದಗಳಲ್ಲಿ ಕೂಲಿ ಒಪ್ಪಂದಗಳಿವೆ, ಕೆಲವು ಹಳೆಯ ಮಾಲೀಕನ ಜೊತೆಗೇ. ಫ್ರೀಡ್‌ಮನ್ಸ್ ಬ್ಯಾಂಕಿನ (ಇದೂ ಅವರಿಗಾಗಿಯೇ ಇದ್ದದ್ದು) ಖಾತೆ ಪುಸ್ತಕಗಳಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರು ಕೇಳಿ ಬರೆದಿದ್ದಾರೆ. ನಾರ್ತ್ ಕ್ಯಾರೊಲೈನಾದಲ್ಲಿ 1866ರಲ್ಲಿ ಗಂಡಹೆಂಡತಿಯಾಗಿ ಬಾಳುತ್ತಿದ್ದವರು ಎಷ್ಟು ವರ್ಷದಿಂದ ಜೊತೆಗಿದ್ದೇವೆ ಎಂದು ಕೌಂಟಿಯಲ್ಲಿ ಬರೆಸಿದರು. ಅದರಿಂದ ಇಪ್ಪತ್ತು ಮೂವತ್ತು ವರ್ಷ ಹಿಂದಕ್ಕೆ ಹೋಗಬಹುದು.

ಮಾಲೀಕ ಯಾರೆಂದು ಗೊತ್ತಾದ ಮೇಲೆ ಅವನ ಮನೆತನದ ಕಾಗದಗಳನ್ನು ಹಂತ 4 ಮತ್ತು 6ರಂತೆ ಓದಬೇಕು. ವಿಲ್, ಆಸ್ತಿ ಪಟ್ಟಿ, ಮಗಳಿಗೆ ಕೊಟ್ಟ ದಾನಪತ್ರ, ಅಡಮಾನ, ಎಲ್ಲದರಲ್ಲೂ ಮನುಷ್ಯರ ಹೆಸರುಗಳು ಹಸು ಕುದುರೆಗಳ ಜೊತೆ ಬೆಲೆ ಕಟ್ಟಿ ಬರೆದಿವೆ. ತಾಯಿ ಮಗುವನ್ನು ಒಂದೇ ಸಾಲಿನಲ್ಲಿ ಬರೆದಿರುವುದೂ ಉಂಟು, ಮಾಲೀಕನ ಒಂದೊಂದು ಮಗನ ಪಾಲಿಗೆ ಬೇರೆ ಮಾಡಿರುವುದೂ ಉಂಟು. ಓದುವುದು ಕಷ್ಟ. ಮನೆತನದ ಹೆಸರು ಕೊನೆಯ ಮಾಲೀಕನದ್ದೇ ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮೊದಲಿನ ಮಾಲೀಕನದೋ, ತಾವೇ ಆರಿಸಿಕೊಂಡದ್ದೋ ಆಗಿರಬಹುದು.

ನೀವು ಹುಡುಕುತ್ತಿರುವುದು ಬಿಳಿಯರ ಕುಟುಂಬವೇ ಆದರೂ ಈ ಹೆಸರುಗಳು ಕಂಡರೆ ಪೂರ್ತಿ ಬರೆದಿಟ್ಟುಕೊಳ್ಳಿ. ಬೀಗರು ಮೊದಲು ಮುಜುಗರಪಟ್ಟರು. ಈಗ ಅವರೇ ಬೇರೆ ಹಾಳೆ ಇಟ್ಟಿದ್ದಾರೆ. ಆ ಹೆಸರನ್ನು ಇನ್ನೊಂದು ಮನೆಯವರು ಹುಡುಕುತ್ತಿರುತ್ತಾರೆ.

ಹಂತ 9: ಕೋರ್ಟ್‌ಹೌಸ್ ಸುಟ್ಟಿದ್ದರೆ

ವರ್ಜೀನಿಯಾದ ಬಕಿಂಗ್‌ಹ್ಯಾಮ್ ಕೋರ್ಟ್‌ಹೌಸ್ 1869ರಲ್ಲಿ ಸುಟ್ಟಿತು. ಹ್ಯಾನೋವರ್‌ನವರು ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಪುಸ್ತಕಗಳು ಜೋಪಾನವಾಗಿರಲಿ ಎಂದು ರಿಚ್‌ಮಂಡ್‌ಗೆ ಕಳಿಸಿದರು. 1865ರ ಏಪ್ರಿಲ್‌ನಲ್ಲಿ ರಿಚ್‌ಮಂಡ್ ಉರಿದಾಗ ಅವೂ ಹೋದವು.

ಆದರೂ ರಾಜ್ಯಕ್ಕೆ ಕಳಿಸಿದ ಪ್ರತಿಗಳು ಬೇರೆ ಕಡೆ ಇದ್ದವು. ವರ್ಜೀನಿಯಾದ ತೆರಿಗೆ ಪಟ್ಟಿಗಳು 1782ರಿಂದ ಇವೆ, ಸುಟ್ಟ ಕೌಂಟಿಗಳದ್ದೂ ಸೇರಿ. ಭೂ ಗ್ರಾಂಟ್‌ಗಳು ರಾಜ್ಯದ ಕಡತದಲ್ಲಿವೆ. ಬೆಂಕಿಯ ಮರುವರ್ಷಗಳ ಡೀಡ್ ಬುಕ್‌ಗಳನ್ನು ಓದಿ, ಜನ ತಮ್ಮ ಹಳೆಯ ಪತ್ರ ತಂದು ಮತ್ತೆ ದಾಖಲು ಮಾಡಿಸಿದರು. ಪಕ್ಕದ ಕೌಂಟಿಗಳನ್ನೂ ನೋಡಿ. ಗಡಿ ಪಕ್ಕದ ರೈತನ ಎರಡನೇ ಹೊಲ ಆಚೆ ಇರುತ್ತದೆ.

ಹಂತ 10: ಇವನೇ ಅವನು ಎಂದು ಬರೆಯುವ ಮೊದಲು

ನಾನು ಒಮ್ಮೆ ತಪ್ಪು ಜಾನ್‌ನನ್ನು ಬೀಗರ ವಂಶಕ್ಕೆ ಸೇರಿಸಿ, ಅವನ ಅಪ್ಪ, ಅಜ್ಜ ಎಂದು ಎರಡು ತಲೆಮಾರು ಕಟ್ಟಿಬಿಟ್ಟಿದ್ದೆ. ಹೆಸರು ಸರಿ, ಕೌಂಟಿ ಸರಿ, ಹೆಂಡತಿಯ ಹೆಸರೂ ಸರಿ. ಇಬ್ಬರ ಸಹಿಯನ್ನೂ ನೋಡಿದಾಗ ಗುಟ್ಟು ರಟ್ಟಾಯಿತು. ಒಬ್ಬ ಪೂರ್ತಿ ಹೆಸರು ಬರೆಯುತ್ತಿದ್ದ, ಇನ್ನೊಬ್ಬ ಗುರುತು ಹಾಕುತ್ತಿದ್ದ. ಪುಸ್ತಕದಲ್ಲಿರುವುದು ಗುಮಾಸ್ತನ ಕೈಬರಹ, ಸಹಿ ಸಿಗುವುದು ಬಿಡಿ ಕಾಗದಗಳಲ್ಲಿ. ಆದರೂ ಗುರುತು ಹಾಕಿದವರ ಪಕ್ಕದಲ್ಲಿ ಗುಮಾಸ್ತ ಆ ಗುರುತನ್ನೂ ಬರೆದಿರುತ್ತಾನೆ.

ಈ ಲಕ್ಷಣಗಳು ಕಂಡರೆ ನಿಲ್ಲಿ. ಒಬ್ಬನೇ ಮನುಷ್ಯ ಒಂದೇ ತಿಂಗಳಲ್ಲಿ ಎರಡು ಕೌಂಟಿಯಲ್ಲಿ ತೆರಿಗೆ ಕಟ್ಟುತ್ತಾನೆ. 21 ತುಂಬುವ ಮೊದಲೇ ಜಮೀನು ಮಾರುತ್ತಾನೆ. ಕೊಂಡದ್ದೇ ಇಲ್ಲದ ಜಮೀನನ್ನು ಮಾರುತ್ತಾನೆ. ಈ ಕೊನೆಯದು ಕೆಟ್ಟ ಸುದ್ದಿಯಲ್ಲ, ಜಮೀನು ಪಿತ್ರಾರ್ಜಿತವಾಗಿ ಬಂದಿರಬಹುದು. ಆ ಜಮೀನನ್ನು ಮೊದಲು ಕೊಂಡವನು ಯಾರು ಎಂದು ಹಿಂದಕ್ಕೆ ಹೋಗಿ, ಅಲ್ಲಿ ಅಪ್ಪ ಕಾಣಬಹುದು.

ಫ್ಯಾಮಿಲಿಸರ್ಚ್‌ನಲ್ಲಿ ಈಗ ಕೈಬರಹವನ್ನು ಕಂಪ್ಯೂಟರ್ ಓದಿ, ಪುಟದೊಳಗಿನ ಪ್ರತಿ ಹೆಸರನ್ನೂ ಹುಡುಕಲು ಬಿಡುತ್ತದೆ. ಸೂಚಿಯಲ್ಲಿ ಇಲ್ಲದ ಸಾಕ್ಷಿಗಳು, ನೆರೆಯವರು ಸಿಗುತ್ತಾರೆ. ಒಳ್ಳೆಯದೇ. ಆದರೆ ಹಳೆಯ ಉದ್ದ ಎಸ್ ಅಕ್ಷರ ಎಫ್ ಥರ ಕಾಣುತ್ತದೆ, ಯಂತ್ರವೂ ಎಡವುತ್ತದೆ. ಜೆಸ್ಸಿ ಸಿಗದಿದ್ದರೆ ಜೆಫ್ಸಿ ಎಂದೂ ಹುಡುಕಿ. ಸಿಕ್ಕ ಪುಟವನ್ನು ಕಣ್ಣಾರೆ ಓದಿ, ಅದರ ಹಿಂದಿನ ಮುಂದಿನ ಎರಡೆರಡು ಪುಟಗಳನ್ನೂ ಓದಿ. ಒಂದೇ ಕುಟುಂಬದವರು ಒಂದೇ ದಿನ ಕೋರ್ಟಿಗೆ ಬಂದು ಎಲ್ಲ ಪತ್ರಗಳನ್ನೂ ಒಟ್ಟಿಗೆ ಬರೆಸಿ ಹೋಗುತ್ತಿದ್ದರು.

ಕೋರ್ಟ್‌ಹೌಸ್‌ಗೆ ಹೋಗುವುದಾದರೆ ಮೊದಲು ಫೋನ್ ಮಾಡಿ, ಹಳೆಯ ಪುಸ್ತಕಗಳು ಅಲ್ಲೇ ಇವೆಯೋ ರಾಜ್ಯದ ಆರ್ಕೈವ್ಸ್‌ಗೆ ಹೋಗಿವೆಯೋ ಕೇಳಿ. ಕ್ರಯಪತ್ರ ರಿಜಿಸ್ಟರ್ ಆಫ್ ಡೀಡ್ಸ್ ಹತ್ತಿರ, ವಿಲ್ ಕ್ಲರ್ಕ್ ಆಫ್ ಕೋರ್ಟ್ ಹತ್ತಿರ. ನಾರ್ತ್ ಕ್ಯಾರೊಲೈನಾದಲ್ಲಿ ಹೀಗೆ, ಬೇರೆ ರಾಜ್ಯದಲ್ಲಿ ಕೇಳಿಕೊಳ್ಳಿ. ಸೋಮವಾರ ಬೆಳಗ್ಗೆ ಹೋಗಬೇಡಿ, ವಕೀಲರ ಕಡೆಯವರು ಟೇಬಲ್ ತುಂಬ ಕೂತಿರುತ್ತಾರೆ. ಪುಸ್ತಕದ ಬೆನ್ನಿನ ಫೋಟೊ ಮೊದಲು, ಆಮೇಲೆ ಪುಟದ ಫೋಟೊ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಪುಟ ಯಾವ ಪುಸ್ತಕದ್ದು ಎಂದು ಗೊತ್ತಾಗದೆ ಇನ್ನೊಂದು ಸಲ ಡ್ರೈವ್ ಮಾಡಬೇಕಾಗುತ್ತದೆ. ನಾವು ಮಾಡಿದ್ದೇವೆ.